ಗಳಗಳನೆ ಅಳಲೇಬೇಕೆ?

ಮೊಮ್ಮಕ್ಕಳೇ, ಅನಘಾ, ಸಮೀರ, ಕೇಳಿರಿ: ಸಣ್ಣಕಥೆಗಳಲ್ಲಿ ಒಂದು ಮಾತಿಗೆ ಇನ್ನೊಂದು ಮಾತನ್ನು ಬಿಗಿದು ಕಟ್ಟಿರುವುದನ್ನು ಓದಿ ಓದಿ ನನಗೆ ಸಾಕಾಗಿಹೋಗಿದೆ. ಮೌನವೆಂದರೆ ನೀರವ ಮೌನವೇ. ನಿಟ್ಟುಸಿರೆಂದರೆ ದೀರ್ಘವೇ. ಹೆಂಗಸು ಅತ್ತರೆ ಗಳಗಳನೆ, ಇಲ್ಲವೆ ಬಿಕ್ಕಿಬಿಕ್ಕಿ. ಮೂರನೆಯ ಬಗೆಯ ಅಳು ನಮಗೆ ಮಂಜೂರಿಲ್ಲ.

ಮಾತಿಗೆ ಜೊತೆ ಬೇಡವೆಂದಲ್ಲ. ತಲೆ ಬಾಚುತ್ತೇವೆ, ಹಲ್ಲು ತಿಕ್ಕುತ್ತೇವೆ. ಹಲ್ಲು ಬಾಚಿದೆ ಎಂದರೆ ನೀವೇ ನಗುತ್ತೀರಿ. ಆದರೆ ಕೆಲವು ಜೋಡಿ ಕಂಡು ಬರೆದದ್ದಲ್ಲ, ಬಾಯಿಪಾಠ. ನಮ್ಮೂರ ಶಾಲೆಯಲ್ಲಿ ‘ಆಕಳು ಸಾಧುಪ್ರಾಣಿ’ ಎಂದು ಬರೆದು ನಾನೂ ಶಾಬಾಸ್ ಎನ್ನಿಸಿಕೊಂಡವಳೇ. ನಮ್ಮ ಮನೆಯ ಆಕಳು ಒದ್ದ ಗಾಯ ಆಗಿನ್ನೂ ಮಾದಿರಲಿಲ್ಲ.

ಈ ಸಲ ನಮ್ಮ ಬಡಾವಣೆ ಕಾತ್ರಜದ ಕನ್ನಡದ ಮಂದಿ, ಮರಾಠಿಯವರ ಹಾಗೆ ತಾವೂ ದೀಪಾವಳಿ ಸಂಚಿಕೆ ತರುತ್ತೇವೆಂದರು. ನಾಚುತ್ತಲೇ ಒಂದು ಕಥೆ ಕೊಟ್ಟೆ. ಗಂಡನನ್ನು ಕಳೆದುಕೊಂಡವಳೊಬ್ಬಳು. ಒಲೆ ಹಚ್ಚದ ಆ ಮನೆಗೆ ಪಕ್ಕದ ನಂದಾತಾಯಿ ಪಿಠಲೆ-ಭಾಕರಿ, ಅಂದರೆ ನಮ್ಮ ಜುಣಕ-ರೊಟ್ಟಿ, ತರುತ್ತಾಳೆ. ಗಂಡ ಸತ್ತವಳು ಉಣ್ಣುತ್ತಾಳೆ. ಇಷ್ಟೇ. ಅವಳು ನಾನೇ, ಅದು ನಿಮ್ಮ ಅಜ್ಜ ಹೋದ ದಿನ.

ಸಂಪಾದಕ ಕುಲಕರ್ಣಿಯವರು ತಿದ್ದಿ ಕಳಿಸಿದರು. ‘ಉಂಡಳು’ ಹೋಗಿ ‘ಗಳಗಳನೆ ಅತ್ತಳು’ ಬಂದಿತ್ತು. ನಂದಾತಾಯಿಯೂ ಇಲ್ಲ, ಭಾಕರಿಯೂ ಇಲ್ಲ. ಕಾಯಿಪಲ್ಲೆಯವಳೊಡನೆಯೂ ಚೌಕಾಸಿ ಮಾಡಲು ಅಂಜುವ ನಾನು ಅವರಿಗೆ ಫೋನು ಹಚ್ಚಿದೆ.

“ವೈನಿ, ಗಂಡ ಹೋದ ದಿನಾ ಹೆಂಡತಿ ಉಂಡ್ಳು ಅಂದ್ರ ಓದಾವ್ರು ಏನಂದಾರ್ರಿ? ದುಃಖಕ್ಕ ಕಣ್ಣೀರು ಬೇಕ್ರಿ.”

“ದವಾಖಾನಿಯೊಳಗ ಅತ್ತಿದ್ದೆ ರೀ. ಮನಿಗೆ ಬರೂದ್ರಾಗ ಭಾಳ ಹಸಿವಿ ಆಗಿತ್ರಿ.”

“ಅಂದ್ರ... ಇದು ನಿಮ್ದ ಕಥಿ ಏನ್ರಿ?”

“ಹೌದ್ರಿ. ‘ನೀ ಉಣ್ಣೂತನಕಾ ನಾ ಏಳಂಗಿಲ್ಲ’ ಅಂತ ನಂದಾತಾಯಿ ನನ್ನ ಮುಂದನ ಕೂತಿದ್ಲು. ಆಕೀನ್ನ ಕಥಿಯಿಂದ ಹೊರಗ ಹಾಕಬ್ಯಾಡ್ರಿ.”

ಅವರು ಸುಮ್ಮನಾದರು. ನೀರವ ಮೌನವೇನಲ್ಲ, ಅವರ ಮನೆಯ ಕುಕ್ಕರು ಸೀಟಿ ಹೊಡೆಯುತ್ತಿತ್ತು.

“ಆತ್ರಿ ವೈನಿ, ಉಣ್ಣಲಿ,” ಎಂದರು.

ಸಂಚಿಕೆ ಬಂತು. ಹುಡುಕಿ ಓದಿದೆ: ‘ಅವಳು ಒಲ್ಲದ ಮನಸ್ಸಿನಿಂದ ಉಂಡಳು.’

ಒಲ್ಲದ ಮನಸ್ಸಂತೆ! ಎರಡನೆಯ ಭಾಕರಿ ಕೇಳಿ ಹಾಕಿಸಿಕೊಂಡವಳು ನಾನು. ಬಡಿಸುತ್ತ ಅತ್ತವಳು ನಂದಾತಾಯಿ. ಮತ್ತೆ ಫೋನು ಮಾಡುವ ಧೈರ್ಯ ನನಗಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ. ಸಂಚಿಕೆಯನ್ನು ಬೇಕಾದರೆ ರದ್ದಿಗೆ ಹಾಕಿರಿ, ಮಕ್ಕಳೇ. ಈ ಹಾಳೆಗಳನ್ನು ಮಾತ್ರ ಜೋಪಾನವಾಗಿಡಿ.