ಎಡೆ ಇಡುವ ಜಾಗ

ಕಾಶಿನಾಥನ ಕೈಗೆ ಫೈಲು ಹೋಯಿತೆಂದರೆ ಅದು ನಿಲ್ಲುವುದಿಲ್ಲ. ಇಂಡಿ ಕಡೆಯಿಂದ ಬಂದು ಮೂವತ್ತು ವರ್ಷ ಕುರ್ಲಾದ ಚಾಳಿನಲ್ಲಿ ಕಳೆದ ಈ ಮನುಷ್ಯನಿಗೆ ಇದ್ದ ಹೆಮ್ಮೆ ಅದೊಂದೇ. ಉಪನಗರದ ರಫ್ತು ವಲಯವೆಂದರೆ ಪಾಸಿಲ್ಲದೆ ಇರುವೆಯೂ ಒಳಗೆ ಹೋಗದ ಜಾಗ. ಅಲ್ಲಿ ಕಟ್ಟಡ ಎದ್ದರೆ ಅಗ್ನಿಶಾಮಕದ ಒಪ್ಪಿಗೆ, ಲಿಫ್ಟಿನ ಪರವಾನಗಿ, ಕೊನೆಗೆ ಕಟ್ಟಡ ಪೂರ್ಣವಾಯಿತೆಂಬ ಸರ್ಟಿಫಿಕೇಟು, ಎಲ್ಲಕ್ಕೂ ಅವನೇ ಓಡಬೇಕು. ಯಾವ ಗುಮಾಸ್ತ ಚಹಾ ಕುಡಿದ ಮೇಲೆ ಫೈಲು ಮುಟ್ಟುತ್ತಾನೆ, ಯಾವನು ಮೊದಲೇ ಮುಟ್ಟುತ್ತಾನೆ ಎಂಬುದೆಲ್ಲ ಅವನಿಗೆ ಬಾಯಿಪಾಠ.

ಈ ಸಲದ್ದು ಆಭರಣ ರಫ್ತಿನವರ ಏಳು ಮಹಡಿ. ಕೊನೆಯ ಸರ್ಟಿಫಿಕೇಟಿಗೆ ಒಂದೇ ಹಾಳೆ ಕೊಡುವುದು ಬಾಕಿ ಇದ್ದಾಗ, ಅಲ್ಲಿ ಕಸ ಗುಡಿಸುವ ಹನುಮವ್ವ ಅವನನ್ನು ತಡೆದು ನಿಲ್ಲಿಸಿದಳು. ಹೋದ ವರ್ಷ ಅವಳ ಗಂಡ ಬಂಡೆಪ್ಪ ಇದೇ ಕಟ್ಟಡದಲ್ಲಿ, ಇನ್ನೂ ಬಾಯಿ ತೆರೆದುಕೊಂಡಿದ್ದ ಲಿಫ್ಟಿನ ಗುಂಡಿಗೆ ಬಿದ್ದು ಸತ್ತಿದ್ದ. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಅವಳು ಅಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಎಡೆ ಇಡುತ್ತಿದ್ದಳು.

“ಅಣ್ಣಾರ, ಸರ್ಟಿಫಿಕೇಟ್ ಬಂದ ದಿನಾನ ನಮ್ಮ ಗೇಟ್ ಪಾಸ್ ಬಂದ್ ಮಾಡ್ತಾರಂತ. ಶುಕ್ರವಾರ ಅಮಾಸಿ, ಅವರದು ವರ್ಷದ ಎಡಿ. ಅದೊಂದು ಆಗೂತನಕ ಕಾಗದ ನಿಂದ್ರಸ್ರಿ. ಆಮ್ಯಾಲ ನಾ ಇತ್ತಕಡೆ ತಲಿ ಹಾಕೂದಿಲ್ಲ.”

“ಆತು ತಂಗಿ. ನಾಕ್ ದಿನದ ಮಾತು, ನಿಂದ್ರಸ್ತೀನಿ,” ಎಂದ ಕಾಶಿನಾಥ. ಮನಸ್ಸಿನಿಂದಲೇ ಎಂದ.

ಆದರೆ ಮಂಗಳವಾರ ಬೇರೇನೋ ಕೆಲಸಕ್ಕೆ ವಲಯದ ಕಚೇರಿಗೆ ಹೋದಾಗ ಸಾಹೇಬರು ಖಾಲಿ ಕೂತಿದ್ದರು. ಖಾಲಿ ಕೂತ ಸಾಹೇಬರನ್ನು ಕಂಡು ಕಾಶಿನಾಥನ ಕೈ ಸುಮ್ಮನಿದ್ದದ್ದೇ ಇಲ್ಲ. ಚೀಲದಿಂದ ಹಾಳೆ ತೆಗೆದುಕೊಟ್ಟ. ಸಹಿ ಬಿತ್ತು, ಠಸ್ಸೆ ಬಿತ್ತು. ಮೆಟ್ಟಿಲಿಳಿಯುವಾಗ ಹನುಮವ್ವ ನೆನಪಾದಳು. ಯಾರೂ ಅವಸರ ಮಾಡಿರಲಿಲ್ಲ, ಯಾರೂ ಬೈದಿರಲಿಲ್ಲ. ಬರೀ ರೂಢಿ. ಇಂಥ ರೂಢಿಗಿಷ್ಟು ಬೆಂಕಿ ಹಾಕ!

ಶುಕ್ರವಾರ ಮಧ್ಯಾಹ್ನ ಹನುಮವ್ವ ಬಟ್ಟೆಯ ಗಂಟು ಹಿಡಿದು ಗೇಟಿನ ಹೊರಗೆ ನಿಂತಿದ್ದಳು. ಅವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ನಿಮ್ಮ ಪಾಸ್ ನಡೀತದಲ್ರಿ. ನೀವಽ ಇಟ್ಟು ಬರ್ರಿ,” ಎಂದಳು.

ಒಳಗೆ ಲಿಫ್ಟಿನ ಮುಂದೆ ಹಾಲುಬಣ್ಣದ ಕಲ್ಲು ಹಾಸಿತ್ತು. ಕಾಶಿನಾಥ ಗಂಟು ಬಿಚ್ಚುವಷ್ಟರಲ್ಲಿ ಕಾವಲಿನವನು ಓಡಿಬಂದ. “ಇಧರ್ ಖಾನಾ ನಹೀ ರಖನೇಕಾ, ಸಾಬ್.” ಇಲ್ಲಿ ಊಟ ಇಡಕೂಡದಂತೆ. ಲಿಫ್ಟಿನ ಬಾಗಿಲು ತೆರೆಯಿತು. ಮಾಲೀಕರ ಕಡೆಯ ಐದಾರು ಜನ ಹೊರಬಂದು ಅವನನ್ನು ಬಳಸಿಕೊಂಡು ಹೋದರು. ಪಕ್ಕದ ಗೋಡೆಯಲ್ಲಿ ಗಾಜು ಹಾಕಿಸಿದ ಲಿಫ್ಟಿನ ಪರವಾನಗಿ ತೂಗುತ್ತಿತ್ತು. ಅದನ್ನು ತಂದವನೂ ಅವನೇ. ಗಂಟನ್ನು ಫೈಲಿನ ಚೀಲಕ್ಕೆ ತುರುಕಿಕೊಂಡು ಹೊರಬಂದ.

“ಇಟ್ರ್ಯಾ, ಅಣ್ಣಾರ?”

“ಹೂಂ ತಂಗಿ, ಇಟ್ಟೆ.”

ಹನುಮವ್ವ ಎರಡೂ ಕೈ ಮುಗಿದಳು. “ನಿಮ್ಮ ಕೈಯಾಗ ಕೊಟ್ಟ ಕೆಲಸ ನಿಂದ್ರೂದಿಲ್ಲ ಅಂತ ನಮ್ಮನಿಯವರೂ ಅಂತಿದ್ರು,” ಎಂದು ಸ್ಟೇಷನ್ನಿನ ದಾರಿ ಹಿಡಿದಳು.

ಅವಳು ಹೋದ ಲೋಕಲ್ ಬಿಟ್ಟು ಕಾಶಿನಾಥ ಮುಂದಿನದನ್ನು ಹತ್ತಿದ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ರೊಟ್ಟಿ ಇನ್ನೂ ಬೆಚ್ಚಗಿತ್ತು.