ಫೈಲುಗಳ ಪಾಲುಪಂಚಾಯಿತಿ

ನಮ್ಮ ಮಾವನವರು ನಿವೃತ್ತಿಯಾದ ಮೇಲೆ ಇಳಕಲ್ಲಿನ ಸೀರೆ ಅಂಗಡಿಯೊಂದಕ್ಕೆ ತಾವೇ ಕುಳಿತು ಪ್ರೋಗ್ರಾಮ್ ಬರೆದುಕೊಟ್ಟಿದ್ದರು. ಅದು ಕೆಟ್ಟಾಗಲೆಲ್ಲ ಅಂಗಡಿಯವರು ಕರೆಯುತ್ತಾರೆ, ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹುನಗುಂದದಿಂದ ಬಸ್ಸು ಹತ್ತುತ್ತಾರೆ. ಆ ದಿನ ಮನೆಯಲ್ಲಿ ಅವರಷ್ಟು ಖುಷಿಯ ಮನುಷ್ಯ ಇನ್ನೊಬ್ಬರಿಲ್ಲ.

ಈ ಸಲ ಅಂಗಡಿಯವರು, ಪ್ರೋಗ್ರಾಮ್ ಹಳೆಯದಾಯಿತು, ರಿಪೇರಿ ಮಾಡಿಕೊಡಿ ಎಂದು ನನ್ನನ್ನು ಕೇಳಿದರು. ನನ್ನ ಕಸುಬೂ ಅದೇ. ತೆರೆದು ನೋಡಿದರೆ, ಅಯ್ಯೋ ಶಿವನೇ! ಸೀರೆ ಅಂದರೆ ಏನು, ಸೆರಗು ಅಂದರೆ ಏನು, ಗಿರಾಕಿ ಅಂದರೆ ಯಾರು ಎಂದು ಪ್ರೋಗ್ರಾಮಿಗೆ ತಿಳಿಸಿಕೊಡುವ ಟೈಪುಗಳೆಲ್ಲ ಒಂದೇ ಫೈಲಿನಲ್ಲಿ ಸಂತೆ ನೆರೆದಂತೆ ಕುಳಿತಿದ್ದವು. ಗಿರಾಕಿಯ ವಿಳಾಸ ತಿದ್ದಲು ಹೋದರೆ ಸೆರಗಿನ ಬಣ್ಣ ಕೆಡುತ್ತಿತ್ತು.

"ಮಾವಾರ, ಇವನ್ನ ಬ್ಯಾರೆ ಬ್ಯಾರೆ ಫೈಲಿನ್ಯಾಗ ಇಡ್ತೇನ್ರಿ," ಅಂದೆ.

"ಹೊಲ ಆಗ್ಲಿ, ಫೈಲ್ ಆಗ್ಲಿ, ಪಾಲು ಅಂದ್ರ ಪಾಲವಾ. ಹಿರ್ಯಾರು ಕೂಡಬೇಕು. ನೀ ಒಬ್ಬಾಕಿನ ಮಾಡಾಕ ಬರೂದಿಲ್ಲ."

ಚೇಷ್ಟೆ ಅಂದುಕೊಂಡೆ. ಮರುದಿನ ಎದ್ದು ನೋಡಿದರೆ ಕಮತಗಿಯಿಂದ ಅವರ ವಾರಿಗೆಯ ಮೂವರು ಹಿರಿಯರು ರುಮಾಲು ಸುತ್ತಿಕೊಂಡು ಪಡಸಾಲೆಯ ಜಮಖಾನೆ ಮೇಲೆ ಕುಳಿತಿದ್ದಾರೆ! ಲ್ಯಾಪ್‌ಟಾಪನ್ನು ಅವರ ನಡುವೆ ಇಟ್ಟು, ಹಲ್ಲು ಕಚ್ಚಿಕೊಂಡು ಚಹಾ ಕೊಟ್ಟೆ.

"ಇದರಾಗ ಹಿರೇಮಗ ಯಾರು?" ಒಬ್ಬರು ಕೇಳಿದರು.

"ಸೀರಿ ಅನ್ರಿ," ಅಂದೆ.

"ಹಂಗಾರ ತಲಬಾಗಿಲ ಅವಂಗ."

ಸೀರೆಗೆ ಮೊದಲ ಫೈಲು ಸಿಕ್ಕಿತು; ಗಿರಾಕಿಗೆ ಹಿತ್ತಲು, ಅಂದರೆ ಹಿಂದಿನ ಫೈಲು ಹೋಯಿತು. ಸೆರಗಿಗೆ ಬಂದಾಗ ಜಗಳವೇ ಹತ್ತಿತು. ಸೀರೆಯ ಜೊತೆಗೇ ಇರಲಿ ಎಂದರು ಒಬ್ಬರು. ಮಗ್ಗದ ಮನೆತನದ ಇನ್ನೊಬ್ಬರು ನೆಲ ಗುದ್ದಿದರು: "ಲೇ, ಸೆರಗಿನ ಹಾಸಿನ ಎಳಿ ಮೊದಲಿಂದ ಬ್ಯಾರೆ! ಕೊಂಡಿ ಹಾಕಿ ಸೀರಿ ಮೈಗೆ ಜೋಡಸ್ತೇವಿ. ಹುಟ್ಟಾ ಬ್ಯಾರೆ ಇದ್ದದ್ದನ್ನ ಈಗ ಕೂಡಸ್ತಿಯೇನು?" ಸೆರಗಿಗೆ ಸ್ವಂತ ಫೈಲು ಸಿಕ್ಕಿತು.

ಕಡೆಗೆ ಎಲ್ಲ ಪಾಲಿನಲ್ಲೂ ಕೇಳುವ ಮಾತು ಬಂತು. "ಇನ್ನ ಹಿರಿಯಾಂವ, ಇವರಪ್ಪ, ಯಾರ ಕಡೆ ಇರಾಂವ?" ನಮ್ಮ ಕಡೆ ವಾಡಿಕೆಯಂತೆ ತಂದೆ ಕಿರಿಮಗನ ಪಾಲಿಗೆ. ಎಲ್ಲಕ್ಕಿಂತ ಕಿರಿಯ ಫೈಲು ಯಾವುದೆಂದರೆ, ಎಲ್ಲೂ ಸೇರದ ಚೂರುಪಾರನ್ನು ನಾನು ಆಗಷ್ಟೇ ತುಂಬಿಟ್ಟ 'ಇತರೆ'. ಇವನ್ನೆಲ್ಲ ಬರೆದು ಹುಟ್ಟಿಸಿದ ಮಾವನವರನ್ನು ಹಿರಿಯರು ಅದಕ್ಕೇ ಒಪ್ಪಿಸಿಬಿಟ್ಟರು. ನಾನು ಕಿಸಕ್ಕನೆ ನಕ್ಕೆ.

ಮಾವನವರು ನಗಲಿಲ್ಲ. "ನನ್ನ ಇತರೆದಾಗ ಹಾಕಿದ್ರೇನು?" ಎಂದರು, ಮೆಲ್ಲಗೆ.

"ಸಾಕ್ರಿ ಹಿರ್ಯಾರ, ಏಳ್ರಿ, ಊಟ ತಯಾರಾಗೇತಿ," ಎಂದು ಪಂಚಾಯಿತಿ ಮುರಿದೆ. ಉಂಡು ಅವರು ಹೋದ ಮೇಲೆ ಮಾವನವರನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿದೆ.

"ಯಾವುದು ಎಲ್ಲಿ ಇಡ್ಲಿ, ನೀವ ಹೇಳ್ರಿ."

ಚಷ್ಮಾ ಏರಿಸಿ ಬಹಳ ಹೊತ್ತು ಪರದೆ ನೋಡಿದರು. ತಾವೇ ಬರೆದದ್ದು ಪಾಲಾದ ಮೇಲೆ ಅವರಿಗೆ ಗುರುತು ಹತ್ತುತ್ತಿರಲಿಲ್ಲ.

"ಎಲ್ಲೆರ ಇಡವಾ," ಎಂದರು. "ಅಂಗಡಿಯವರು ಕರದಾಗ ನನಗ ಸಿಗೂ ಹಂಗ ಇಡು."