ಕೇರಿಯ ನೀರು ಕುಡಿದ ಸ್ವಾಮಿ

ಆ ಹಾಡು ಕಟ್ಟಿದವರು ನನ್ನ ಅವ್ವ ಮತ್ತು ಚಿಕ್ಕಮ್ಮ. ನಂಜನಗೂಡು ತಾಲೂಕಿನ ನಮ್ಮ ಹಳ್ಳಿಯಲ್ಲಿ ಇಬ್ಬರೂ ನಾಟಿ ಕೂಲಿಗೆ ಹೋಗುತ್ತಿದ್ದರು. ಒಂದು ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಸಮಾರ್ಯದ ಹೆಂಗಸಿನ ಕಥೆ ಓದಿದರು. ದೂರ ಇಟ್ಟ ಜನದವಳ ಕೈಯಿಂದ ಯೇಸು ಕುಡಿಯಲು ನೀರು ಕೇಳಿದ ಕಥೆ. ಊರಾಚೆಯ ನಮ್ಮ ಕೇರಿಯವರು ಮುಟ್ಟಬಾರದ ಊರ ಬಾವಿಯ ಮುಂದೆ ಬಿಂದಿಗೆ ಇಟ್ಟು, ಯಾರಾದರೂ ಸೇದಿ ಸುರಿಯುವವರೆಗೆ ಕಾದು ಬೆಳೆದವಳು ನನ್ನವ್ವ. ಮಾರನೆಯ ದಿನ ಪೈರು ನೆಡುತ್ತ, ನಾಟಿ ಪದದ ಧಾಟಿಯಲ್ಲೇ ಮೊದಲ ಸಾಲು ಹಾಡಿದಳು: ‘ನಮ್ಮ ಕೇರಿ ನೀರ ಕೇಳಿ ಕುಡಿದ ಸ್ವಾಮಿ.’ ಪಕ್ಕದ ಸಾಲಿನಲ್ಲಿದ್ದ ಚಿಕ್ಕಮ್ಮ ಎರಡನೆಯದನ್ನು ಕೂಡಿಸಿದಳು. ಅವ್ವನಿಗೆ ಅಕ್ಷರ ಬಾರದು. ನಾಲ್ಕನೇ ಕ್ಲಾಸು ಓದಿದ್ದ ಚಿಕ್ಕಮ್ಮ ಎಲ್ಲವನ್ನೂ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದಿಟ್ಟಳು. ಹಾಡು ಮದುವೆ, ಸಾವು, ಕೂಟಗಳ ಮೂಲಕ ತಾಲೂಕು ದಾಟಿತು.

ಅವ್ವ ತೀರಿಕೊಂಡ ಮೂರನೆಯ ವರ್ಷ, ತಿ. ನರಸೀಪುರದ ಕ್ರಿಸ್ಮಸ್ ಕೂಟವೊಂದರಲ್ಲಿ ಹೊಸ ಹಾಡಿನ ಪುಸ್ತಕ ಬಿಡುಗಡೆಯಾಯಿತು. ಅದೇ ಊರಿನಲ್ಲಿ ಟೀಚರ್ ಆಗಿರುವ ನಾನು ಚಿಕ್ಕಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಗಾಯಕರು ಅವ್ವ-ಚಿಕ್ಕಮ್ಮನ ಹಾಡನ್ನೇ ಎತ್ತಿಕೊಂಡರು. ಚಿಕ್ಕಮ್ಮ ಖುಷಿಯಿಂದ ದನಿಗೂಡಿಸಿದವಳು ಮೊದಲ ಸಾಲಿಗೇ ನಿಲ್ಲಿಸಿಬಿಟ್ಟಳು. ಅವರು ಹಾಡುತ್ತಿದ್ದದ್ದು ‘ನಮ್ಮ ಊರ ನೀರ’ ಎಂದು. ನಾನು ಪುಸ್ತಕ ತೆರೆದು ನೋಡಿದೆ. ಹಾಡಿನ ಕೆಳಗೆ ‘ರಚನೆ: ಜನಪದ’ ಎಂದಿತ್ತು. ಅದರಡಿ, ತಿದ್ದಿದ ಸಂಪಾದಕರ ಹೆಸರು ಮಾತ್ರ ದಪ್ಪಕ್ಷರದಲ್ಲಿತ್ತು.

ಕೂಟ ಮುಗಿದ ಕೂಡಲೇ ಆ ಸಂಪಾದಕರ ಮುಂದೆ ಹೋಗಿ ನಿಂತೆ.

“ಇದನ್ನ ಬರೆದವರಲ್ಲಿ ಒಬ್ಬರು ಇಲ್ಲೇ ಇದ್ದಾರೆ ಸಾರ್. ಇವರನ್ನ ಜನಪದ ಅಂತ ಹೆಂಗೆ ಹಾಕಿದ್ರಿ?”

“ಯಾರು ಬರೆದದ್ದು ಅಂತ ಗೊತ್ತಾಗಲಿಲ್ಲ ಮೇಡಂ.”

“ಯಾರನ್ನ ಕೇಳಿದ್ರಿ?”

ಅವರು ಯಾರನ್ನೂ ಕೇಳಿರಲಿಲ್ಲ.

“ಕೇರಿಯನ್ನ ಯಾಕೆ ತೆಗೆದ್ರಿ?”

“ಎಲ್ಲ ಸಭೆಯವರೂ ಹಾಡಬೇಕಲ್ಲ. ಆ ಪದ ಕೆಲವರಿಗೆ ಮುಜುಗರ.”

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಮೆಲ್ಲಗೆ ಕೇಳಿದಳು: “ಆ ಎಣ್ಣು ಊರೋಳೇ ಆಗಿದ್ರೆ, ಉರಿಬಿಸ್ಲಲ್ಲಿ ಒಬ್ಳೇ ಯಾಕೆ ನೀರ್ಗೆ ಬತ್ತಿದ್ಲು ಸಾ? ಕೇರಿಯೋಳು ಕೊಟ್ಟಿದ್ನ ಕುಡುದ್ನಲ್ಲ ಅಂತ್ಲೇ ನಾವು ಆಡಿದ್ದು. ಊರ್ ನೀರ ಯಾರ್ ಬೇಕಾದ್ರೂ ಕುಡೀತಾರೆ.”

ಅವರು ಮುಂದಿನ ಮುದ್ರಣದಲ್ಲಿ ಸರಿಪಡಿಸುತ್ತೇವೆ ಎಂದು ಹೇಳಿ ಫೋಟೋ ತೆಗೆಸಿಕೊಳ್ಳಲು ಹೋದರು.

ಎಂಟು ತಿಂಗಳಿಗೆ ಆ ಮುದ್ರಣವೂ ಬಂತು. ಅವ್ವನ ಹೆಸರು, ಚಿಕ್ಕಮ್ಮನ ಹೆಸರು ಎರಡೂ ಇದ್ದವು. ಸಾಲು ಮಾತ್ರ ‘ಊರ ನೀರ’ ಎಂದೇ ಉಳಿದಿತ್ತು. ನಾನು ಹೆಸರುಗಳ ಮೇಲೆ ಬೆರಳಿಟ್ಟು ತೋರಿಸಿದೆ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಹಾಡನ್ನು ಕೊನೆಯವರೆಗೂ ಓದಿದಳು.

“ನಾವು ಆಡ್ದೇ ಇರೋದ್ಕೆ ನಮ್ ಎಸ್ರು ಯಾಕ್ ಮಗ? ಎಸ್ರು ತಗ್ದಾಕಕ್ಕೆ ಬರಿ. ಕೇರಿ ಆಕ್ಲಿ.”

ನನಗೆ ನಾಚಿಕೆಯಾಯಿತು. ಅಷ್ಟು ದಿನ ನಾನು ಹೆಚ್ಚಾಗಿ ಜಗಳವಾಡಿದ್ದು ಹೆಸರಿಗಾಗಿಯೇ. ಅವತ್ತೇ ಕೂತು ಅವಳು ಹೇಳಿದ ಹಾಗೆ ಸಂಪಾದಕರಿಗೆ ಕಾಗದ ಬರೆದೆ; ಕೆಳಗೆ ಅವಳೇ ಸಹಿ ಹಾಕಿದಳು. ಇವತ್ತಿನವರೆಗೂ ಉತ್ತರ ಬಂದಿಲ್ಲ. ಮೊನ್ನೆ ಎರಡನೆಯ ಕಾಗದ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೇನೆ.